ಸ್ಕೋರ್ ಇಟ್ಟು ಆಡಿದಾಗ ಮಾತ್ರ ಸಿಗುವ ಟೆನಿಸ್ ಪಾಠಗಳು

ಬೆಂಗಳೂರಿನ ಯಾವುದಾದರೊಂದು ಟೆನಿಸ್ ಅಕಾಡೆಮಿಯ ಅಂಕಣದ ಪಕ್ಕದಲ್ಲಿ ಸಂಜೆಯ ಹೊತ್ತು ಕುಳಿತರೆ, ಮಕ್ಕಳನ್ನು ಕರೆತಂದ ತಂದೆತಾಯಂದಿರ ಬಾಯಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಇನ್ನೂ ಸ್ಟ್ರೋಕ್ ಕೂತಿಲ್ಲ, ಅದೊಂದು ಕೂತ ಮೇಲೆ ಟೂರ್ನಿಗೆ ಹಾಕೋಣ." ದೊಡ್ಡವರಾದ ಮೇಲೆ ರ‍್ಯಾಕೆಟ್ ಹಿಡಿದವರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ, ವಾರಕ್ಕೆ ಮೂರು ದಿನ ಕೋಚ್ ಜೊತೆ ಆಡುತ್ತಾರೆ, ಒಳ್ಳೆಯ ರ‍್ಯಾಲಿ ನಡೆಸುತ್ತಾರೆ, ಅಂದರೆ ಚೆಂಡನ್ನು ನಿಲ್ಲಿಸದೆ ಅತ್ತಿತ್ತ ಹೊಡೆಯುತ್ತಾರೆ, ಆದರೆ ಸ್ಕೋರ್ ಇಟ್ಟು ಒಂದು ಸೆಟ್ ಆಡೋಣ ಎಂದರೆ ಹಿಂದೆ ಸರಿಯುತ್ತಾರೆ. ಈ ಮಾತಿನ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ಸೋತರೆ ಮಗುವಿನ ಉತ್ಸಾಹ ಕುಗ್ಗೀತು, ಅರ್ಧಂಬರ್ಧ ಕಲಿತ ಹೊಡೆತ ಕೆಟ್ಟೀತು ಎಂಬ ಭಯ ಸಹಜವಾದದ್ದೇ. ಆದರೂ ಹಲವು ವರ್ಷಗಳಿಂದ ಕ್ಲಬ್ ಮಟ್ಟದಲ್ಲಿ ಆಡುತ್ತ, ಕಿರಿಯರ ಟೂರ್ನಿಗಳನ್ನು ನೋಡುತ್ತ ಬಂದ ನನಗೆ ಈ ಕ್ರಮವೇ ತಪ್ಪು ಎನಿಸುತ್ತದೆ. ಟೆನಿಸ್‌ನ ಅರ್ಧದಷ್ಟು ಪಾಠಗಳು ಪಂದ್ಯದಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ; ಆದ್ದರಿಂದ ಪಂದ್ಯವನ್ನು ಕಲಿಕೆ ಮುಗಿದ ಮೇಲೆ ಬರುವ ಪರೀಕ್ಷೆಯಂತೆ ಮುಂದೂಡುತ್ತ ಹೋದರೆ ಕಲಿಕೆಯೇ ಅರ್ಧಕ್ಕೆ ನಿಲ್ಲುತ್ತದೆ.

ನಮ್ಮಲ್ಲಿ ತರಬೇತಿ ನಡೆಯುವ ರೀತಿಯನ್ನೇ ನೋಡೋಣ. ಒಂದು ಅಂಕಣ, ಆರೆಂಟು ಮಕ್ಕಳು, ನೆಟ್‌ನ ಆಚೆಗೆ ಬುಟ್ಟಿ ತುಂಬ ಚೆಂಡು ಇಟ್ಟುಕೊಂಡು ನಿಂತ ಕೋಚ್. ಮಕ್ಕಳು ಸಾಲಾಗಿ ನಿಂತು, ಸರದಿ ಬಂದಾಗ ಎರಡು ಫೋರ್‌ಹ್ಯಾಂಡ್, ಎರಡು ಬ್ಯಾಕ್‌ಹ್ಯಾಂಡ್ ಹೊಡೆದು ಮತ್ತೆ ಸಾಲಿನ ತುದಿಗೆ ಹೋಗುತ್ತಾರೆ. ಹಿಡಿತವನ್ನು ತಿದ್ದುವುದಕ್ಕೆ, ಪಾದಗಳನ್ನು ಸರಿಯಾದ ಜಾಗದಲ್ಲಿ ಇಡಿಸುವುದಕ್ಕೆ, ಒಂದು ಹೊಡೆತದ ಚಲನೆಯನ್ನು ಮೈಗೂಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ಆದರೆ ಕೋಚ್ ಹಾಕಿಕೊಡುವ ಚೆಂಡು ಸೊಂಟದ ಎತ್ತರಕ್ಕೆ, ಒಂದೇ ವೇಗದಲ್ಲಿ, ಮೊದಲೇ ಗೊತ್ತಿರುವ ಜಾಗಕ್ಕೆ ಬರುತ್ತದೆ. ಅದನ್ನು ಹೊಡೆಯಲು ಅನುಕೂಲವಾಗಲಿ ಎಂದೇ ಅವರು ಹಾಕುತ್ತಾರೆ. ಪಂದ್ಯದಲ್ಲಿ ಬರುವ ಪ್ರತಿಯೊಂದು ಚೆಂಡನ್ನೂ, ಹೊಡೆಯಲು ಕಷ್ಟವಾಗಲಿ ಎಂದು ಬಯಸುವ ಒಬ್ಬ ಮನುಷ್ಯ ಕಳುಹಿಸುತ್ತಾನೆ. ಅವನ ಭುಜ ಎತ್ತ ತಿರುಗಿತು, ರ‍್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಬರುತ್ತಿದೆಯೇ ಅಥವಾ ಮೇಲಿನಿಂದ ಕತ್ತರಿಸುತ್ತಿದೆಯೇ, ಚೆಂಡು ಬಿದ್ದ ಮೇಲೆ ಎದ್ದು ಬರುತ್ತದೆಯೇ ಅಥವಾ ನೆಲ ಸವರಿಕೊಂಡು ಜಾರುತ್ತದೆಯೇ ಎಂಬುದನ್ನು ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಓದಿ, ಎಲ್ಲಿಗೆ ಹೊಡೆಯಬೇಕೆಂದು ನಿರ್ಧರಿಸಿ, ಆಮೇಲಷ್ಟೇ ಆ ಮೈಗೂಡಿದ ಚಲನೆಯನ್ನು ಬಳಸಬೇಕು. ಬುಟ್ಟಿಯ ಅಭ್ಯಾಸದಲ್ಲಿ ಈ ಸರಪಳಿಯ ಕೊನೆಯ ಕೊಂಡಿ ಮಾತ್ರ ಬಲವಾಗುತ್ತದೆ.

ಇನ್ನೊಂದು ಕೊರತೆಯೂ ಇದೆ. ವೃತ್ತಿಪರ ಟೆನಿಸ್‌ನಲ್ಲಿ ಕೂಡ ಹೆಚ್ಚಿನ ಪಾಯಿಂಟ್‌ಗಳು ನಾಲ್ಕು ಹೊಡೆತಗಳೊಳಗೆ ಮುಗಿಯುತ್ತವೆ, ಅಂದರೆ ಪಾಯಿಂಟ್ ಆರಂಭಿಸುವ ಸರ್ವ್, ಅದನ್ನು ಮರಳಿಸುವ ರಿಟರ್ನ್, ಅದರ ಮೇಲೆ ಇಬ್ಬರದೂ ಒಂದೊಂದು ಹೊಡೆತ. ಆದರೆ ನಮ್ಮ ತರಬೇತಿಯ ಹೆಚ್ಚಿನ ಸಮಯ ಅಂಕಣದ ಹಿಂಗೆರೆಯಾದ ಬೇಸ್‌ಲೈನ್‌ನಿಂದ ಬೇಸ್‌ಲೈನ್‌ಗೆ ನಡೆಯುವ ದೀರ್ಘ ರ‍್ಯಾಲಿಗಳಿಗೆ ಹೋಗುತ್ತದೆ, ಸರ್ವ್‌ಗೆ ಕೊನೆಯ ಹತ್ತು ನಿಮಿಷ ಉಳಿಯುತ್ತದೆ, ರಿಟರ್ನ್‌ಗೆ ಎಷ್ಟೋ ದಿನ ಅಷ್ಟೂ ಉಳಿಯುವುದಿಲ್ಲ. ಪಂದ್ಯ ಆಡುವವನಿಗೆ ಇದು ಮೊದಲ ಎರಡು ಗೇಮ್‌ಗಳಲ್ಲಿಯೇ ತಿಳಿದುಬಿಡುತ್ತದೆ, ಏಕೆಂದರೆ ಅವನು ಕಲಿತ ಚಂದದ ರ‍್ಯಾಲಿ ಶುರುವಾಗುವುದಕ್ಕೆ ಮೊದಲೇ ಪಾಯಿಂಟ್ ಮುಗಿದಿರುತ್ತದೆ.

ನನ್ನ ಮಾತಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ಸೆಕೆಂಡ್ ಸರ್ವ್, ಅಂದರೆ ಮೊದಲ ಸರ್ವ್ ತಪ್ಪಿದಾಗ ಸಿಗುವ ಎರಡನೆಯ ಮತ್ತು ಕೊನೆಯ ಅವಕಾಶ. ಅಭ್ಯಾಸದಲ್ಲಿ ಒಂದು ಬುಟ್ಟಿ ಚೆಂಡು ಪಕ್ಕದಲ್ಲಿಟ್ಟುಕೊಂಡು ಸರ್ವ್ ಮಾಡುವಾಗ ಒಂದು ಚೆಂಡು ನೆಟ್‌ಗೆ ಬಡಿದರೆ ಇನ್ನೊಂದನ್ನು ಎತ್ತಿಕೊಳ್ಳುತ್ತೇವೆ, ಹತ್ತು ಹೊಡೆಯುವ ಹೊತ್ತಿಗೆ ಲಯ ಹಿಡಿಯುತ್ತದೆ. ಪಂದ್ಯದಲ್ಲಿ 30-40 ಇರುವಾಗ, ಅಂದರೆ ಇನ್ನೊಂದು ಪಾಯಿಂಟ್ ಹೋದರೆ ಗೇಮ್ ಕೈತಪ್ಪುವ ಹೊತ್ತಿನಲ್ಲಿ, ಮೊದಲ ಸರ್ವ್ ಹೊರಗೆ ಬಿದ್ದರೆ ಕೈಯಲ್ಲಿ ಉಳಿಯುವುದು ಒಂದೇ ಚೆಂಡು, ಲಯಕ್ಕೆ ಅವಕಾಶವೇ ಇಲ್ಲ. ಆಗ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಿದವರಿಗೆ ಗೊತ್ತು: ಮೊಣಕಾಲು ಬಾಗುವುದಿಲ್ಲ, ಸರ್ವ್ ಮಾಡಲು ಚೆಂಡನ್ನು ಮೇಲೆಸೆಯುವ ಟಾಸ್ ಅಂಗೈ ಅಗಲದಷ್ಟು ಕೆಳಗೆ ಬರುತ್ತದೆ, ಹೇಗಾದರೂ ಒಳಗೆ ಬಿದ್ದರೆ ಸಾಕು ಎಂದು ತೋಳು ನಿಧಾನವಾಗುತ್ತದೆ. ತೋಳು ನಿಧಾನವಾದಾಗ ಚೆಂಡಿಗೆ ಸ್ಪಿನ್ ಸಿಗುವುದಿಲ್ಲ. ಚೆಂಡನ್ನು ನೆಟ್‌ನ ಮೇಲೆ ಎತ್ತರವಾಗಿ ಕಳುಹಿಸಿದರೂ ಸರ್ವಿಸ್ ಬಾಕ್ಸಿನೊಳಗೆ ಕೆಳಗಿಳಿಸುವುದು ಆ ಸ್ಪಿನ್ ತಾನೇ? ಅದು ಇಲ್ಲದ ಚೆಂಡು ಒಂದೋ ನೆಟ್‌ಗೆ ಬಡಿಯುತ್ತದೆ, ಇಲ್ಲವೇ ಉದ್ದವಾಗಿ ಹೊರಗೆ ಹೋಗುತ್ತದೆ, ಒಳಗೆ ಬಿದ್ದರೂ ಎದುರಾಳಿಗೆ ಸುಲಭದ ತುತ್ತಾಗುತ್ತದೆ. ಸುರಕ್ಷಿತವಾದ ಸೆಕೆಂಡ್ ಸರ್ವ್‌ಗೆ ತೋಳು ಮೊದಲ ಸರ್ವ್‌ನಷ್ಟೇ ವೇಗವಾಗಿ, ಆದರೆ ಹೆಚ್ಚು ಮೇಲ್ಮುಖವಾಗಿ ಚಲಿಸಬೇಕು. ಇದನ್ನು ಕೋಚ್ ನೂರು ಸಲ ಹೇಳಿರುತ್ತಾರೆ, ಬುದ್ಧಿಗೂ ಅದು ಗೊತ್ತಿರುತ್ತದೆ. ಆದರೆ ಗೇಮ್ ಕೈಜಾರುವ ಹೊತ್ತಿನಲ್ಲಿ, ಹೆದರಿಕೆ ನಿಧಾನವಾಗು ಎನ್ನುತ್ತಿರುವಾಗಲೇ ಜೋರಾಗಿ ಬೀಸಿ, ಚೆಂಡು ಒಳಗೆ ಬಿದ್ದದ್ದನ್ನು ಕಣ್ಣಾರೆ ಕಂಡಾಗಲೇ ತೋಳು ಅದನ್ನು ನಂಬುತ್ತದೆ. ಆ ನಂಬಿಕೆ ಒಂದೇ ಪಂದ್ಯದಲ್ಲಿ ಬರುವುದಿಲ್ಲ, ಮತ್ತು ಅದನ್ನು ಹುಟ್ಟಿಸುವಂಥ ಸನ್ನಿವೇಶವನ್ನು ಖಾಲಿ ಅಂಕಣದಲ್ಲಿ ಸೃಷ್ಟಿಸಲು ಎಷ್ಟೇ ಪ್ರಯತ್ನಪಟ್ಟರೂ ಆಗುವುದಿಲ್ಲ.

ಟೆನಿಸ್‌ನ ಸ್ಕೋರಿಂಗ್ ಪದ್ಧತಿಯೇ ಇಂಥ ಸನ್ನಿವೇಶಗಳನ್ನು ಹುಟ್ಟಿಸುವಂತೆ ರೂಪುಗೊಂಡಿದೆ. ಇಲ್ಲಿ ಒಟ್ಟು ಅಂಕಗಳ ಲೆಕ್ಕವಿಲ್ಲ. ಗೇಮ್ ಗೆಲ್ಲಬೇಕು, ಗೇಮ್‌ಗಳಿಂದ ಸೆಟ್ ಗೆಲ್ಲಬೇಕು, ಹೀಗಾಗಿ ಎಲ್ಲ ಪಾಯಿಂಟ್‌ಗಳ ತೂಕವೂ ಒಂದೇ ಅಲ್ಲ. ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವೀಧರರ ಮುಂದೆ ಮಾತನಾಡುತ್ತ, ತಾವು ಆಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಶೇ 80ರಷ್ಟನ್ನು ಗೆದ್ದಿದ್ದರೂ, ಆ ಪಂದ್ಯಗಳಲ್ಲಿ ಗೆದ್ದ ಪಾಯಿಂಟ್‌ಗಳ ಪ್ರಮಾಣ ಶೇ 54 ಮಾತ್ರ ಎಂದು ಹೇಳಿದ್ದರು. ಜಗತ್ತು ಕಂಡ ಅತಿ ಶ್ರೇಷ್ಠ ಆಟಗಾರರಲ್ಲಿ ಒಬ್ಬರು ಪ್ರತಿ ನೂರು ಪಾಯಿಂಟ್‌ಗಳಲ್ಲಿ 46ನ್ನು ಸೋಲುತ್ತಿದ್ದರು ಎಂದಾಯಿತು. ಅದೇ ಫೆಡರರ್ 2019ರ ವಿಂಬಲ್ಡನ್ ಫೈನಲ್‌ನಲ್ಲಿ ನೊವಾಕ್ ಜೊಕೊವಿಚ್ ಅವರಿಗಿಂತ ಹೆಚ್ಚು ಪಾಯಿಂಟ್ ಗೆದ್ದು, 218ಕ್ಕೆ 204, ಪಂದ್ಯವನ್ನು ಮಾತ್ರ ಸೋತರು. ಐದನೇ ಸೆಟ್‌ನಲ್ಲಿ 8-7, 40-15ರಲ್ಲಿ ಸರ್ವ್ ಮಾಡುತ್ತಿದ್ದಾಗ ಅವರ ಕೈಯಲ್ಲಿ, ಒಂದನ್ನು ಗೆದ್ದರೂ ಪ್ರಶಸ್ತಿ ಸಿಗುವ ಎರಡು ಚಾಂಪಿಯನ್‌ಷಿಪ್ ಪಾಯಿಂಟ್‌ಗಳಿದ್ದವು. ಆ ದಿನ, ಗೇಮ್ ಲೆಕ್ಕ ಸಮವಾದಾಗ ಸೆಟ್ ನಿರ್ಧರಿಸಲು ನಡೆದ ಮೂರು ಟೈಬ್ರೇಕ್‌ಗಳನ್ನೂ ಜೊಕೊವಿಚ್ ಗೆದ್ದರು. ಆ ಪಂದ್ಯವನ್ನು ನಾನು ಎಷ್ಟೋ ಸಲ ಮತ್ತೆ ನೋಡಿದ್ದೇನೆ. ಟೈಬ್ರೇಕ್‌ಗಳಲ್ಲಿ ಜೊಕೊವಿಚ್ ಅದ್ಭುತವಾದ ಹೊಡೆತಗಳನ್ನು ಹೊಡೆದರು ಎನ್ನುವುದಕ್ಕಿಂತ, ಚೆಂಡನ್ನು ಆಳವಾಗಿ ಮರಳಿಸುತ್ತ ತಾವಾಗಿ ಪಾಯಿಂಟ್ ಬಿಟ್ಟುಕೊಡಲಿಲ್ಲ ಎನ್ನುವುದೇ ಹೆಚ್ಚು ಸರಿ. ಯಾವ ಪಾಯಿಂಟ್‌ನಲ್ಲಿ ಸಾಹಸ ಮಾಡಬಹುದು, ಯಾವುದರಲ್ಲಿ ಎದುರಾಳಿಯಿಂದಲೇ ಇನ್ನೊಂದು ಚೆಂಡು ಆಡಿಸಬೇಕು ಎಂಬ ತಿಳಿವಳಿಕೆ ಸ್ಕೋರ್ ಇಲ್ಲದ ರ‍್ಯಾಲಿಯಲ್ಲಿ ಬೆಳೆಯಲು ಸಾಧ್ಯವೇ ಇಲ್ಲ, ಏಕೆಂದರೆ ಅಲ್ಲಿ ಎಲ್ಲ ಚೆಂಡುಗಳೂ ಒಂದೇ.

ಕಿರಿಯರ ಟೂರ್ನಿಯೊಂದರಲ್ಲಿ ಕಂಡ 14 ವರ್ಷದೊಳಗಿನ ಬಾಲಕಿಯರ ಪಂದ್ಯವೊಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಬ್ಬಳು ಎತ್ತರದ ಹುಡುಗಿ, ಚೆಂಡನ್ನು ನೇರವಾಗಿ, ಬಿರುಸಾಗಿ ಹೊಡೆಯುತ್ತಿದ್ದಳು; ವಾರ್ಮ್ ಅಪ್ ನೋಡಿದವರೆಲ್ಲ ಅವಳೇ ಗೆಲ್ಲುತ್ತಾಳೆ ಎಂದುಕೊಂಡಿದ್ದರು. ಎದುರಿಗಿದ್ದ ಚಿಕ್ಕ ಹುಡುಗಿ ಮಾತ್ರ ಪ್ರತಿ ಚೆಂಡನ್ನೂ ಆಕಾಶದೆತ್ತರಕ್ಕೆ ಎತ್ತಿ, ಎತ್ತರದ ಹುಡುಗಿಯ ಬ್ಯಾಕ್‌ಹ್ಯಾಂಡ್ ಕಡೆಗೆ ಬೇಸ್‌ಲೈನ್ ಹತ್ತಿರವೇ ಬೀಳುವಂತೆ ಕಳುಹಿಸುತ್ತಿದ್ದಳು. ಚೆಂಡು ಬಿದ್ದು ಭುಜಕ್ಕಿಂತ ಮೇಲಕ್ಕೆ ಎದ್ದಾಗ ಎತ್ತರದ ಹುಡುಗಿ ಹಿಂದೆ ಹಿಂದೆ ಹೋಗಿ, ಬೇಲಿಗೆ ಬೆನ್ನು ತಾಗುವಷ್ಟು ದೂರದಿಂದ ಜೋರಾಗಿ ಹೊಡೆಯಲು ಯತ್ನಿಸಿ ತಪ್ಪುತ್ತಿದ್ದಳು. ಮೊದಲ ಸೆಟ್ ಕೈಬಿಟ್ಟಿತು, ಎರಡನೆಯದರಲ್ಲಿ 1-4. ಅಂಕಣದ ಬದಿ ಬದಲಿಸುವಾಗ ಅವಳು ಕುಳಿತು ನೀರು ಕುಡಿದು, ಟವೆಲ್‌ನಿಂದ ಮುಖ ಒರೆಸಿಕೊಂಡು, ನೆಲ ನೋಡುತ್ತ ಏನನ್ನೋ ಯೋಚಿಸಿದಳು. ಮುಂದಿನ ಗೇಮ್‌ನಲ್ಲಿ ಆ ಎತ್ತರದ ಚೆಂಡು ಬಂದಾಗ ಹಿಂದೆ ಹೋಗುವ ಬದಲು ಎರಡು ಹೆಜ್ಜೆ ಮುಂದೆ ಬಂದು, ಅದು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಹೊಡೆದಳು. ಮೊದಲನೆಯದು ಹೊರಗೆ ಹೋಯಿತು, ಎರಡನೆಯದು ಒಳಗೆ ಬಿತ್ತು, ಅದರ ನಂತರ ಚಿಕ್ಕ ಹುಡುಗಿಗೆ ಚೆಂಡನ್ನು ಎತ್ತಲು ಬೇಕಿದ್ದ ಸಮಯವೇ ಸಿಗಲಿಲ್ಲ. ಸ್ಕೋರ್ 5-5 ಆಯಿತು. ಕೊನೆಗೆ ಎತ್ತರದ ಹುಡುಗಿ 5-7ರಲ್ಲಿ ಸೋತಳು, ಅಪ್ಪನ ಮುಂದೆ ಅತ್ತಳು ಕೂಡ. ಆದರೆ ಗಾಳಿಯಲ್ಲಿ ಚೆಂಡು ಹೊಡೆಯುವ ಉಪಾಯವನ್ನು ಆ ಹೊತ್ತು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೇರೆ ದಾರಿಯಿಲ್ಲದೆ ಅವಳೇ ಕಂಡುಕೊಂಡದ್ದು ಅದು.

ಹಾಗೆ ಎತ್ತರದ ಚೆಂಡುಗಳನ್ನೇ ಆಡುವವರನ್ನು ನಮ್ಮಲ್ಲಿ 'ಪುಷರ್' ಎಂದು ಕಡೆಗಣಿಸುವ ರೂಢಿಯಿದೆ. "ಅದೇನು ಟೆನಿಸ್ಸೇ" ಎಂದು ಸೋತ ಮಗುವಿನ ಪೋಷಕರು ಹೇಳುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ. ಎದುರಾಳಿಗೆ ಇಷ್ಟವಿಲ್ಲದ ಚೆಂಡನ್ನು ಗುರುತಿಸಿ ಅದನ್ನೇ ಮತ್ತೆ ಮತ್ತೆ ಕೊಡುವುದು ಈ ಆಟದ ಮೂಲಭೂತ ಕೌಶಲ, ಅದನ್ನು ಆ ಚಿಕ್ಕ ಹುಡುಗಿ ಚೆನ್ನಾಗಿ ಕಲಿತಿದ್ದಳು.

ಪಾಯಿಂಟ್‌ಗಳ ನಡುವಿನ ಸಮಯವೂ ಆಟದ ಭಾಗವೇ. ನಿಯಮದ ಪ್ರಕಾರ ಒಂದು ಪಾಯಿಂಟ್ ಮುಗಿದು ಮುಂದಿನದು ಆರಂಭವಾಗಲು ಗರಿಷ್ಠ 25 ಸೆಕೆಂಡು, ಅಂಕಣದ ಬದಿ ಬದಲಿಸುವಾಗ 90 ಸೆಕೆಂಡು, ಸೆಟ್ ಮುಗಿದಾಗ 120 ಸೆಕೆಂಡು ಇರುತ್ತದೆ. ಪಂದ್ಯದ ಒಟ್ಟು ಅವಧಿಯಲ್ಲಿ ಚೆಂಡು ಆಟದಲ್ಲಿರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು. ಆ ಹೊತ್ತಿನಲ್ಲಿ ಆಟಗಾರ ಒಬ್ಬಂಟಿ. ಹಿಂದಿನ ಪಾಯಿಂಟ್‌ನ ಸಿಟ್ಟನ್ನು ಇಳಿಸಿಕೊಳ್ಳುವುದು, ಉಸಿರು ಸರಿಮಾಡಿಕೊಳ್ಳುವುದು, ಮುಂದಿನ ಸರ್ವ್ ಎಲ್ಲಿಗೆ ಎಂದು ನಿಶ್ಚಯಿಸುವುದು, ಇವೆಲ್ಲ ಅಲ್ಲಿಯೇ ನಡೆಯಬೇಕು. ಕಬ್ಬನ್ ಪಾರ್ಕಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್ಎಲ್‌ಟಿಎ) ಅಂಕಣಗಳಲ್ಲಿ ಬೆಂಗಳೂರು ಓಪನ್ ಚಾಲೆಂಜರ್ ಎಂಬ ವೃತ್ತಿಪರರ ಟೂರ್ನಿ ನಡೆಯುವಾಗ, ಸಾಧ್ಯವಾದರೆ ಅರ್ಹತಾ ಸುತ್ತಿನ ಪಂದ್ಯಗಳನ್ನು ಹತ್ತಿರದಿಂದ ನೋಡಬೇಕೆಂದು ನಾನು ಪರಿಚಯದ ಮಕ್ಕಳಿಗೆಲ್ಲ ಹೇಳುತ್ತೇನೆ. 2017ರಲ್ಲಿ ಸುಮಿತ್ ನಾಗಲ್, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್ ಪ್ರಶಸ್ತಿ ಗೆದ್ದ ಟೂರ್ನಿ ಅದು. ಚೆಂಡನ್ನು ಬಿಟ್ಟು ಆಟಗಾರನನ್ನೇ ನೋಡುತ್ತಿದ್ದರೆ, ತಪ್ಪಿದ ಮೇಲೆ ಅವರು ಬೆನ್ನು ತಿರುಗಿಸಿ ನಡೆಯುವುದು, ರ‍್ಯಾಕೆಟ್‌ನ ತಂತಿಗಳನ್ನು ಬೆರಳಿನಿಂದ ಸರಿಪಡಿಸುವುದು, ಸರ್ವ್‌ಗೆ ಮುಂಚೆ ಚೆಂಡನ್ನು ಪ್ರತಿ ಸಲವೂ ಅಷ್ಟೇ ಬಾರಿ ಪುಟಿಸುವುದು ಕಣ್ಣಿಗೆ ಬೀಳುತ್ತದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2025ರ ಜನವರಿಯಿಂದ ಆಟದ ನಿಯಮಗಳಲ್ಲಿ ಅಂಕಣದ ಹೊರಗಿನಿಂದ ಸಲಹೆ ಪಡೆಯಲು ಅವಕಾಶ ಕಲ್ಪಿಸಿದೆ. ವೃತ್ತಿಪರರಿಗೆ ಅದು ಸರಿಯಿರಬಹುದು, ಆದರೆ ಹನ್ನೆರಡು ಹದಿಮೂರರ ಮಕ್ಕಳ ಪಂದ್ಯಗಳಲ್ಲಿ ಇದನ್ನು ಧಾರಾಳವಾಗಿ ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. 1-4ರಲ್ಲಿ ಅಂಕಣದ ಪಕ್ಕದಿಂದ ಯಾರಾದರೂ "ಮುಂದೆ ಬಂದು ಗಾಳಿಯಲ್ಲಿ ಹೊಡಿ" ಎಂದು ಕೂಗಿದ್ದರೆ ಆ ಹುಡುಗಿ ಒಂದು ಪಂದ್ಯ ಗೆಲ್ಲುತ್ತಿದ್ದಳೇನೋ, ತಾನಾಗಿ ದಾರಿ ಹುಡುಕುವ ಅಭ್ಯಾಸ ಅವಳಿಗೆ ಸಿಗುತ್ತಿರಲಿಲ್ಲ.

ಅಂಪೈರ್ ಇಲ್ಲದ ಪಂದ್ಯಗಳಲ್ಲಿ ತಮ್ಮ ಬದಿಯ ಗೆರೆಗಳ ತೀರ್ಪನ್ನು ಆಟಗಾರರೇ ಕೊಡಬೇಕು, ಅನುಮಾನವಿದ್ದರೆ ಚೆಂಡು ಒಳಗೆ ಬಿದ್ದಿತೆಂದೇ ಭಾವಿಸಬೇಕು. ಸೆಟ್ ಪಾಯಿಂಟ್‌ನಲ್ಲಿ ಗೆರೆಯ ಅಂಚಿಗೆ ತಾಗಿದ ಚೆಂಡನ್ನು ತಾನೇ "ಒಳಗೆ" ಎಂದು ಒಪ್ಪಿ ಸೆಟ್ ಬಿಟ್ಟುಕೊಡುವ ಮಗುವನ್ನು ನೋಡಿದಾಗ ನನಗಾಗುವ ಗೌರವ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಟೂರ್ನಿಗಳಿಗೆ ಸೇರಿಸಿದರೆ ಸಾಕು ಎಂದೂ ನಾನು ಹೇಳಲಾರೆ. ನಮ್ಮ ಬಹುತೇಕ ಟೂರ್ನಿಗಳು ನಾಕೌಟ್ ಮಾದರಿಯವು. 32 ಜನ ಆಡುವ ಟೂರ್ನಿಯಲ್ಲಿ 31 ಪಂದ್ಯಗಳು ನಡೆಯುತ್ತವೆ. 16 ಮಕ್ಕಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತಾರೆ, ಇನ್ನು 8 ಮಕ್ಕಳು ಎರಡು ಪಂದ್ಯಕ್ಕೆ ಮುಗಿಸುತ್ತಾರೆ. ಎಲ್ಲರಿಗಿಂತ ಹೆಚ್ಚು ಪಂದ್ಯದ ಅಗತ್ಯವಿರುವವರಿಗೆ ಎಲ್ಲರಿಗಿಂತ ಕಡಿಮೆ ಪಂದ್ಯ ಸಿಗುವ ಏರ್ಪಾಡು ಇದು. ಅಖಿಲ ಭಾರತ ಟೆನಿಸ್ ಸಂಸ್ಥೆಯ ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಷಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಎಂಬ ಮೆಟ್ಟಿಲುಗಳನ್ನು ಹತ್ತಲು ಊರಿಂದ ಊರಿಗೆ ಹೋಗಬೇಕು, ಮಗುವಿನೊಂದಿಗೆ ಒಬ್ಬರು ರಜೆ ಹಾಕಿ ಬರಬೇಕು, ರೈಲು, ವಸತಿ, ಊಟ, ಪ್ರವೇಶ ಶುಲ್ಕ ಎಲ್ಲವನ್ನೂ ಭರಿಸಬೇಕು, ಮತ್ತು ಮೊದಲ ಸುತ್ತಿನಲ್ಲಿ ಅಗ್ರ ಶ್ರೇಯಾಂಕದವರು ಎದುರಾದರೆ ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ಮುಗಿದಿರುತ್ತದೆ. ಆ ಪ್ರಯಾಣದಿಂದ ಲಾಭವಿಲ್ಲವೆಂದಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತೆಳುಗಾಳಿಯಲ್ಲಿ ಹಾರುವ ಚೆಂಡಿಗೆ ಒಗ್ಗಿದ ಮಗು ಚೆನ್ನೈಗೋ ಮಂಗಳೂರಿಗೋ ಹೋದಾಗ, ಅದೇ ಹೊಡೆತ ಗಿಡ್ಡವಾಗಿ ಬೀಳುವುದನ್ನು ಕಂಡು ಹೊಂದಿಕೊಳ್ಳಬೇಕಾಗುತ್ತದೆ. ಅದೂ ಒಂದು ಪಾಠವೇ. ಆದರೆ ಪಂದ್ಯದ ಅನುಭವಕ್ಕೆ ಅದೊಂದನ್ನೇ ನೆಚ್ಚಿಕೊಳ್ಳುವುದು ದುಬಾರಿ.

ಯಾರ ಎದುರು ಆಡಬೇಕು ಎಂಬುದಕ್ಕೂ ಲೆಕ್ಕವಿರಬೇಕು. ಮೈಸೂರು ದಸರಾ ಕುಸ್ತಿಗೆ ಮುಂಚೆ ಹಿರಿಯ ಉಸ್ತಾದರು ಕುಳಿತು, ಪೈಲ್ವಾನರ ಮೈಕಟ್ಟು ಮತ್ತು ಅನುಭವ ನೋಡಿ ಜೋಡಿ ಕಟ್ಟುವಂತೆ ಇಲ್ಲಿಯೂ ಜೋಡಿ ಕಟ್ಟುವ ಕಣ್ಣು ಬೇಕು. ತನಗಿಂತ ಬಲಶಾಲಿಯ ಎದುರು ಆಡಿದಾಗ ಯಾವ ಹೊಡೆತ ಒತ್ತಡದಲ್ಲಿ ಮುರಿಯುತ್ತದೆ ಎಂಬುದು ಗೊತ್ತಾಗುತ್ತದೆ. ಸಮಾನರ ಎದುರು 4-4ರಲ್ಲಿ ಹೇಗೆ ಆಡಬೇಕೆಂಬುದು ಗೊತ್ತಾಗುತ್ತದೆ. ದುರ್ಬಲರ ಎದುರು ಮುನ್ನಡೆಯನ್ನು ಕಾಪಾಡಿಕೊಂಡು ಪಂದ್ಯ ಮುಗಿಸುವುದನ್ನು, ಹೊಸದಾಗಿ ಕಲಿತ ಡ್ರಾಪ್ ಶಾಟ್ ಅಥವಾ ನೆಟ್‌ಗೆ ಬಂದು ಆಡುವುದನ್ನು ಪ್ರಯೋಗಿಸಿ ನೋಡುವುದನ್ನು ಕಲಿಯಬಹುದು. ಮೂರನೆಯದನ್ನು ಹೆಚ್ಚಿನವರು ವ್ಯರ್ಥವೆಂದು ಬಿಟ್ಟುಬಿಡುತ್ತಾರೆ. ಗೆದ್ದು ರೂಢಿಯಿಲ್ಲದವರಿಗೆ 5-3ರಲ್ಲಿ ಸೆಟ್‌ಗಾಗಿ ಸರ್ವ್ ಮಾಡುವುದೇ ದೊಡ್ಡ ಪರ್ವತವಾಗಿ ಕಾಣುತ್ತದೆ, ಆದ್ದರಿಂದ ಗೆಲುವಿನ ರೂಢಿಯೂ ಬೇಕು.

ಪಂದ್ಯಗಳು ಅತಿಯಾಗಲೂಬಾರದು. ಹಿಡಿತ ಬದಲಿಸುತ್ತಿರುವಾಗ, ಸರ್ವ್‌ನ ಚಲನೆಯನ್ನು ಮೊದಲಿನಿಂದ ಕಟ್ಟುತ್ತಿರುವಾಗ ಕೆಲವು ವಾರ ಸ್ಕೋರ್‌ನಿಂದ ದೂರವಿರುವುದೇ ಸರಿ, ಏಕೆಂದರೆ ಒತ್ತಡದಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಮರಳುತ್ತದೆ. ರ‍್ಯಾಂಕಿಂಗ್ ಅಂಕಗಳ ಬೆನ್ನುಹತ್ತಿ ವಾರ ಬಿಡದೆ ಟೂರ್ನಿಯಿಂದ ಟೂರ್ನಿಗೆ ಅಲೆದು, ಸೋಲಿನಲ್ಲಿ ಕಂಡ ದೋಷವನ್ನು ತಿದ್ದಲು ಪುರಸೊತ್ತೇ ಇಲ್ಲದ ಮಕ್ಕಳನ್ನೂ ನೋಡಿದ್ದೇನೆ. ಪಂದ್ಯ ಮುಗಿದ ದಿನವೇ ಎರಡು ಸಾಲು ಬರೆದಿಟ್ಟುಕೊಂಡು, ಎಲ್ಲಿ ಪಾಯಿಂಟ್ ಹೋಯಿತು, ಎಲ್ಲಿ ಬಂತು ಎಂಬುದನ್ನು ಮುಂದಿನ ತರಬೇತಿಗೆ ಕೋಚ್ ಬಳಿ ಒಯ್ದರೆ ಬುಟ್ಟಿಯ ಅಭ್ಯಾಸಕ್ಕೂ ಒಂದು ಗುರಿ ಸಿಗುತ್ತದೆ.

ಕೊಡಗಿನ ರೋಹನ್ ಬೋಪಣ್ಣ ಅವರ ವೃತ್ತಿಜೀವನವನ್ನು ನಾನು ಈ ದೃಷ್ಟಿಯಿಂದಲೇ ನೋಡುತ್ತೇನೆ. 2010ರ ಅಮೆರಿಕ ಓಪನ್ ಡಬಲ್ಸ್ ಫೈನಲ್ ಸೋತರು, 2017ರಲ್ಲಿ ಗೇಬ್ರಿಯೆಲಾ ಡಬ್ರೊವ್ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು, 2021ರಲ್ಲಿ ತಿಂಗಳುಗಟ್ಟಲೆ ಒಂದು ಪಂದ್ಯವನ್ನೂ ಗೆಲ್ಲದೆ ಆಟ ಬಿಡುವ ಯೋಚನೆ ಮಾಡಿದ್ದನ್ನು ತಾವೇ ಹೇಳಿಕೊಂಡಿದ್ದಾರೆ, 2023ರಲ್ಲಿ ಮತ್ತೆ ಅಮೆರಿಕ ಓಪನ್ ಫೈನಲ್‌ನಲ್ಲಿ ಸೋತರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 43 ವರ್ಷ. ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೆ ಏರಿದ ಅತಿ ಹಿರಿಯ ಆಟಗಾರ ಎನಿಸಿದರು. ಆ ಫೈನಲ್‌ನ ಮೊದಲ ಸೆಟ್ ಟೈಬ್ರೇಕ್‌ಗೆ ಹೋಗಿತ್ತು, ಎರಡನೆಯದು 7-5. ಆ ವಯಸ್ಸಿಗೆ ಕಾಲಿನ ವೇಗ ಹೆಚ್ಚಾಗಿರಲು ಸಾಧ್ಯವಿಲ್ಲ. ಅಷ್ಟು ಬಿಗಿಯಾದ ಎರಡು ಸೆಟ್‌ಗಳಲ್ಲಿ ಅವರ ಬೆನ್ನಿಗಿದ್ದದ್ದು ಎರಡು ದಶಕ ಆಡಿದ ಪಂದ್ಯಗಳು, ಸೋತವೂ ಸೇರಿ.

ದೊಡ್ಡ ಟೂರ್ನಿಗಾಗಿ ಕಾಯದೆ ನಮ್ಮ ನಮ್ಮ ಕ್ಲಬ್‌ಗಳಲ್ಲಿಯೇ ಮಾಡಬಹುದಾದ ಒಂದು ವ್ಯವಸ್ಥೆ ಬಾಕ್ಸ್ ಲೀಗ್. ಮಟ್ಟಕ್ಕೆ ಅನುಗುಣವಾಗಿ ಆರು ಆರು ಜನರ ಗುಂಪು ಮಾಡಿ, ಗುಂಪಿನೊಳಗೆ ಎಲ್ಲರೂ ಎಲ್ಲರ ಎದುರು ಒಂದೊಂದು ಪಂದ್ಯ ಆಡುವಂತೆ ಎರಡು ತಿಂಗಳ ಗಡುವು ಇಟ್ಟರೆ, ಗುಂಪಿಗೆ ಒಟ್ಟು 15 ಪಂದ್ಯಗಳಾಗುತ್ತವೆ ಮತ್ತು ಕೊನೆಯ ಸ್ಥಾನದಲ್ಲಿರುವವನಿಗೂ ಐದು ಪಂದ್ಯ ಸಿಗುತ್ತದೆ. ಗಡುವು ಮುಗಿದಾಗ ಮೊದಲಿಬ್ಬರು ಮೇಲಿನ ಗುಂಪಿಗೆ, ಕೊನೆಯ ಇಬ್ಬರು ಕೆಳಗಿನ ಗುಂಪಿಗೆ ಹೋಗುತ್ತಾರೆ. ಅಂಕಣ ಸಿಗುವುದು ಕಷ್ಟವಾದ ಊರುಗಳಲ್ಲಿ ಎರಡು ಸೆಟ್ ಆಡಿ, ಸಮವಾದರೆ ಮೂರನೆಯದರ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕ್ ಇಟ್ಟುಕೊಂಡರೆ ಒಂದೂವರೆ ಗಂಟೆಯಲ್ಲಿ ಪಂದ್ಯ ಮುಗಿಯುತ್ತದೆ. ವಯಸ್ಸನ್ನು ನೋಡದೆ ಮಟ್ಟವನ್ನಷ್ಟೇ ನೋಡಿ ಗುಂಪು ಮಾಡಬೇಕು ಎಂಬುದೊಂದೇ ನನ್ನ ಕೋರಿಕೆ. ಹದಿಮೂರರ ಹುಡುಗನ ವೇಗಕ್ಕೆ ಐವತ್ತರ ಹಿರಿಯರ, ನೆಲ ಸವರಿಕೊಂಡು ಜಾರುವ ಸ್ಲೈಸ್ ಹೊಡೆತ ಎದುರಾದಾಗ ಇಬ್ಬರಿಗೂ ಕಲಿಯಲು ಬಹಳಷ್ಟಿರುತ್ತದೆ.